ಹಸಿರು ಚುಕ್ಕೆ ಇದ್ದಲ್ಲಿ ಗಾಡಿ ಇರಲಿಲ್ಲ

ಆಗತ್ತಪ್ಪ ಕೆಲಸ ಮಾಡ್ತಿದ್ದ ಆಫೀಸು ಎಷ್ಟು ಎತ್ತರ ಅಂದ್ರೆ, ಮೇಲಿನ ಮಹಡೀಲಿ ಸಾಹೇಬ್ರು ಸೀನಿದ್ರೆ ಕೆಳಗಿನವರು ಮಾರನೇ ದಿನ ಕೊಡೆ ಬಿಚ್ತಿದ್ರು. ಸಾಫ್ಟ್‌ವೇರ್ ಮಾಡೋ ಕಂಪನಿ ಅದು. ಆಗತ್ತಪ್ಪ ತಾನೇ ಕೂತು ಒಂದು ಸಾಲೂ ಬರೀತಿರ್ಲಿಲ್ಲ. ಬರೆಯೋರನ್ನ ಕೂರಿಸಿ, ಪುಸಲಾಯಿಸಿ, ಇಂಥ ಕೆಲಸ ಇಂಥ ದಿನಕ್ಕೆ ಮುಗಿಯತ್ತೆ ಅಂತ ಮೇಲಿನವರಿಗೆ ಮಾತು ಕೊಡೋದು ಅವನ ಕೆಲಸ. ಮ್ಯಾನೇಜರು ಅಂತಾರಲ್ಲ, ಅದು.

ಈ ಮಾತು ಕೊಡೋದ್ರಲ್ಲಿ ಅವನನ್ನ ಮೀರಿಸೋರು ಯಾರೂ ಇರ್ಲಿಲ್ಲ. ಏನು ಕೇಳಿದ್ರೂ "ಆಗತ್ತೆ." ಚಂದ್ರನ್ನ ಇಳಿಸಿ ಕೊಡಪ್ಪ ಅಂದ್ರೂ "ಆಗತ್ತೆ ಸಾರ್, ಎಲ್ಲಿ ಇಡ್ಬೇಕು?" ಅನ್ನೋ ಗಿರಾಕಿ. ಅದಕ್ಕೇ ಆ ಹೆಸರು ಬಿದ್ದಿದ್ದು. ಪಾಪ, ಸುಳ್ಳುಗಾರ ಅಲ್ಲ ಅವನು. ಎದುರಿಗಿರೋರ ಮುಖ ಬಾಡೋದನ್ನ ನೋಡಕ್ಕೆ ಆಗ್ತಿರ್ಲಿಲ್ಲ, ಅಷ್ಟೇ. "ಆಗಲ್ಲ" ಅನ್ನೋ ಮಾತು ಹೊಟ್ಟೆಯಿಂದ ಹೊರಡ್ತಿತ್ತು, ಗಂಟಲಲ್ಲಿ ಎಲ್ಲೋ ಬಟ್ಟೆ ಬದಲಾಯಿಸ್ಕೊಂಡು "ಆಗತ್ತೆ" ಅಂತ ಬಾಯಿಂದ ಆಚೆ ಬರ್ತಿತ್ತು.

ಆ ವರ್ಷ ಅವನ ಕೈಗೆ ಬಂದಿದ್ದು ಊರಿನ ಆಂಬುಲೆನ್ಸುಗಳ ಕೆಲಸ. ಅವುಗಳ ಕಂಟ್ರೋಲ್ ರೂಮಲ್ಲಿ ಗೋಡೆ ತುಂಬಾ ಒಂದು ಬೋರ್ಡು, ಅದರ ಮೇಲೆ ಇಡೀ ಊರಿನ ನಕ್ಷೆ. ಒಂದೊಂದು ಗಾಡಿಗೆ ಒಂದೊಂದು ಆಯಸ್ಕಾಂತದ ಬಿಲ್ಲೆ. ಡ್ರೈವರು ವೈರ್‌ಲೆಸ್ಸಲ್ಲಿ ಕಿರುಚಿ ತಾನು ಎಲ್ಲಿದೀನಿ ಅಂತ ಹೇಳ್ಬೇಕು, ಅಲ್ಲಿ ಕೂತೋರು ಎದ್ದು ಬಂದು ಬಿಲ್ಲೆ ಸರಿಸ್ಬೇಕು. ಈಗ ಅದೆಲ್ಲಾ ಬೇಡ, ಎಲ್ಲಾ ಪರದೆ ಮೇಲೆ ಬರ್ಲಿ ಅಂತ ತೀರ್ಮಾನ ಆಗಿತ್ತು. ಗಾಡೀಲಿ ಒಂದು ಡಬ್ಬಿ ಇಡೋದು, ಅದು ತಾನು ಎಲ್ಲಿದೀನಿ ಅಂತ ತಾನೇ ಹೇಳತ್ತೆ. ಪರದೆ ಮೇಲೆ ಗಾಡಿ ಒಂದು ಚುಕ್ಕೆ. ಖಾಲಿ ಇದ್ರೆ ಹಸಿರು, ಒಳಗೆ ರೋಗಿ ಇದ್ರೆ ಕೆಂಪು. ಯಾರಾದ್ರೂ ಅಯ್ಯೋ ಅಂತ ಫೋನ್ ಮಾಡಿದ್ರೆ, ಹತ್ತಿರ ಇರೋ ಹಸಿರು ಚುಕ್ಕೆಗೆ "ಓಡು" ಅಂತ ಪರದೇನೇ ಹೇಳತ್ತೆ. ಹೊಸದು ಶುರುವಾದ ದಿನವೇ ಹಳೇ ಬೋರ್ಡು ಬಿಚ್ಚಿ ಗುಜರಿಗೆ, ಗೋಡೆಗೆ ಹೊಸ ಬಣ್ಣ, ವೈರ್‌ಲೆಸ್ಸಿಗೆ ರಜಾ. ದಿನ ಗೊತ್ತಾಗಿತ್ತು. ದೊಡ್ಡೋರು ಬಂದು ರಿಬ್ಬನ್ ಕತ್ತರಿಸೋದೂ ಗೊತ್ತಾಗಿತ್ತು.

ಇನ್ನೊಂದು ಗೊತ್ತಾಗಿತ್ತು. ಇದೊಂದು ದಡ ಸೇರಿದ್ರೆ ಆಗತ್ತಪ್ಪಂಗೆ ಮೇಲಿನ ಮಹಡೀಲಿ ಕುರ್ಚಿ. ಸಾಹೇಬ್ರೇ ಬೆನ್ನು ತಟ್ಟಿ ಹೇಳಿದ್ರು. ಕಿಟಕಿ ಪಕ್ಕದ್ದು.

ಹೀಗೆ ಎಲ್ಲಾ ಸುಸೂತ್ರ ಅನ್ನೋ ಹೊತ್ತಿಗೆ ಒಂದು ಮಧ್ಯಾಹ್ನ ಹುಳುಕಮ್ಮ ಬಂದ್ಲು.

ಹುಳುಕಮ್ಮ ಅಂದ್ರೆ ಅವನ ಟೀಮಿನ ಟೆಸ್ಟರ್. ಮಾಡಿದ ಕೆಲಸದಲ್ಲಿ ಎಲ್ಲಿ ಹುಳುಕಿದೆ ಅಂತ ಹುಡುಕಿ ತೆಗೆಯೋದೇ ಅವಳಿಗೆ ಸಂಬಳ. ಅವಳ ಕಣ್ಣು ಎಂಥದ್ದು ಅಂದ್ರೆ, ಸೂರ್ಯ ಹುಟ್ಟಿದ್ರೆ ಯಾವ ಕಡೆ ಸ್ವಲ್ಪ ಸೀದಿದೆ ಅಂತ ನೋಡ್ತಿದ್ಲು. ಬಂದೋಳು ಕೂರ್ಲಿಲ್ಲ, ಬ್ಯಾಗೂ ಇಳಿಸ್ಲಿಲ್ಲ.

"ಸಾರ್, ಇವತ್ತು ನಾನೇ ಆಂಬುಲೆನ್ಸ್ ಹತ್ತಿ ಊರು ಸುತ್ತಿ ಬಂದೆ."

"ಯಾಕಮ್ಮಾ, ಹುಷಾರಿಲ್ವಾ?"

"ನಾನು ಹುಷಾರಾಗೇ ಇದೀನಿ. ನಿಮ್ಮ ಚುಕ್ಕೆಗೇ ಹುಷಾರಿಲ್ಲ." ಫೋನ್ ತೆಗೆದು ಅವನ ಮೂಗಿಗೆ ಹಿಡಿದ್ಲು. "ನೋಡಿ. ಪೇಟೆ ಸರ್ಕಲ್ ದಾಟಿ ಸುರಂಗ ರಸ್ತೆ ಒಳಗೆ ಹೋದ್ವಿ. ಒಳಗೆ ಸಿಗ್ನಲ್ ಇಲ್ಲ. ಡಬ್ಬಿ ಬಾಯಿ ಮುಚ್ತು. ಆಚೆ ತುದೀಲಿ ಹೊರಗೆ ಬಂದ್ಮೇಲೂ ಮುಚ್ಕೊಂಡೇ ಇತ್ತು. ನಾವು ನದಿ ದಾಟಿ ಆಚೆ ದಡದ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿದೀವಿ, ಪರದೆ ಮೇಲೆ ಪೇಟೆ ಸರ್ಕಲಲ್ಲಿ ಹಾಯಾಗಿ ನಿಂತಿದೀವಿ. ಹಸಿರಾಗಿ!"

"ಆಮೇಲೆ ಸರಿ ಹೋಯ್ತಾ?"

"ಒಂದ್ಸಲ ತಕ್ಷಣ ಸರಿ ಹೋಯ್ತು. ಇನ್ನೊಂದ್ಸಲ ಡ್ರೈವರಣ್ಣ ಕಾಫಿ ಕುಡಿದು, ಅವರ ಭಾವಮೈದುನನ ಕಥೆ ಪೂರ್ತಿ ಹೇಳಿ ಮುಗಿಸೋವರೆಗೂ ಆಗ್ಲಿಲ್ಲ. ಯಾಕೆ ಅಂತ ಗೊತ್ತಿಲ್ಲ. ಡಬ್ಬಿ ಮಾಡಿದ ಕಂಪನಿಯವರನ್ನ ಕೇಳಿದೆ, ಅವರಿಗೂ ಗೊತ್ತಿಲ್ಲ."

ಪೇಟೆ ಸರ್ಕಲಲ್ಲಿ ಯಾರೋ ಎದೆ ಹಿಡ್ಕೊಂಡು ಬಿದ್ರು ಅಂತ ಇಟ್ಕೊಳ್ಳಿ. ಪರದೆ ಹೇಳತ್ತೆ, ಗಾಡಿ ಪಕ್ಕದಲ್ಲೇ ಇದೆ ಅಂತ. ಆ ಗಾಡಿ ನದಿ ಆಚೆ. ನಿಜವಾಗ್ಲೂ ಹತ್ತಿರ ಇರೋ ಇನ್ನೊಂದು ಗಾಡಿಗೆ ಯಾರೂ ಹೇಳೇ ಇಲ್ಲ, ಅದು ಮರದ ನೆರಳಲ್ಲಿ ನಿಂತಿದೆ. ಇದೆಲ್ಲಾ ಆಗತ್ತಪ್ಪನ ತಲೇಲಿ ಮಿಂಚಿನ ಹಾಗೆ ಹೋಯ್ತು. ಆದ್ರೆ ಬಾಯಿ ತನ್ನ ಪಾಡಿಗೆ ತಾನು ತೆರ್ಕೊಂಡು ಹೇಳ್ತು:

"ಆಗತ್ತೆ ಬಿಡಮ್ಮ."

"ಏನು ಆಗತ್ತೆ ಸಾರ್? ಸರಿ ಆಗತ್ತಾ, ಸಾವು ಆಗತ್ತಾ?" ಅಂದು ಹುಳುಕಮ್ಮ ಹೊರಟೇ ಹೋದ್ಲು.

ಈಗ ಆ ಕಂಪನೀಲಿ ಒಂದು ಪದ್ಧತಿ ಇತ್ತು. ಪ್ರತಿ ಕೆಲಸಕ್ಕೂ "ಅಪಾಯಗಳು" ಅಂತ ಒಂದು ಪಟ್ಟಿ. ಕೆಲಸ ಕೆಡೋ ಹಾಗೆ ಏನೇನಿದೆ, ಎಲ್ಲಾ ಅದರಲ್ಲಿ ತುಂಬ್ಬೇಕು. ವಾರಕ್ಕೊಂದ್ಸಲ ಮೇಲಿನವರು ನೋಡ್ತಾರೆ. ಒಳ್ಳೇದೇ ಅಲ್ವಾ? ಒಳ್ಳೇದೇ. ಆದ್ರೆ ಅದನ್ನ ಮಾಡಿದ ಪುಣ್ಯಾತ್ಮ ಯಾರೋ, ಅಪಾಯದ ಪಕ್ಕ "ಪರಿಹಾರ" ಅಂತ ಒಂದು ಮನೆ ಇಟ್ಟಿದ್ದ. ಆ ಮನೆ ಖಾಲಿ ಬಿಟ್ರೆ ಕಂಪ್ಯೂಟರು ಸುತರಾಂ ಒಪ್ಪಲ್ಲ. ಟಣ್ ಅನ್ನತ್ತೆ, ಬರೆದಿದ್ದೂ ಹೋಗತ್ತೆ. ಏನಾದ್ರೂ ತುಂಬಿದ್ರೆ ಸಾಲು ಹಸಿರಾಗತ್ತೆ. ಅಂದ್ರೆ ಏನಾಯ್ತು? ಪರಿಹಾರ ಇರೋ ಅಪಾಯ ಮಾತ್ರ ಆ ಕಂಪನೀಲಿ ಅಪಾಯ. ಪರಿಹಾರ ಇಲ್ಲದ್ದು, ನಿಜವಾಗಿ ಕತ್ತು ಹಿಸುಕೋ ಅಂಥದ್ದು, ಇಲ್ಲವೇ ಇಲ್ಲ! ಹಾಗಾಗಿ ಜನ ಏನು ಬರೀತಿದ್ರು ಅಂದ್ರೆ, "ಯಾರಿಗಾದ್ರೂ ನೆಗಡಿ ಬರಬಹುದು, ಪರಿಹಾರ, ಮಾತ್ರೆ ಇದೆ." "ಕರೆಂಟ್ ಹೋಗಬಹುದು. ಪರಿಹಾರ, ಜನರೇಟರ್ ಇದೆ." ಒಬ್ಬ ಮಹಾನುಭಾವ "ಭೂಮಿ ತಿರುಗೋದು ನಿಲ್ಲಿಸಬಹುದು, ಪರಿಹಾರ, ಇನ್ನೂ ಹಾಗೇನೂ ಸುದ್ದಿ ಬಂದಿಲ್ಲ" ಅಂತ ಬರೆದಿದ್ದ, ಅವನ ಸಾಲೂ ಹಸಿರಾಗಿತ್ತು.

ಆಗತ್ತಪ್ಪ ಆ ಪಟ್ಟಿ ಮುಂದೆ ಕೂತ. "ಸುರಂಗದಲ್ಲಿ ಹೋದ ಗಾಡಿ ಪರದೆ ಮೇಲೆ ಹೊರಗೇ ಕಾಣತ್ತೆ" ಅಂತ ಕುಟ್ಟಿದ. ಪಕ್ಕದ ಮನೆ ಖಾಲಿ. ಟಣ್. ಮತ್ತೆ ಕುಟ್ಟಿದ. ಟಣ್. ಪಕ್ಕದ ಮೇಜಿನವನು ಇಣುಕಿ, "ಏನ್ ಸಾರ್, ಬಾಗಿಲು ತಟ್ತಿದೀರಾ?" ಅಂತ ಹಲ್ಲು ಕಿರಿದ.

ಕೊನೆಗೆ ಎದ್ದು ಮೇಲಿನ ಮಹಡಿಗೆ ಹೋದ. ಸಾಹೇಬ್ರು ಕಿಟಕಿ ಹತ್ತಿರ ನಿಂತು ಗಿಡಕ್ಕೆ ನೀರು ಹಾಕ್ತಿದ್ರು. ಕೆಟ್ಟ ಮನುಷ್ಯ ಅಲ್ಲ. ಬೈಯೋದಿಲ್ಲ, ಕೂಗೋದಿಲ್ಲ. ಪೂರ್ತಿ ಕೇಳಿಸ್ಕೊಂಡ್ರು.

"ನೋಡಪ್ಪ, ನನ್ನ ಹತ್ತಿರ ಸಮಸ್ಯೆ ತರೋನು ಪರಿಹಾರಾನೂ ತರ್ಬೇಕು. ನಿನಗೆ ಗೊತ್ತಲ್ಲ."

"ಪರಿಹಾರ ಗೊತ್ತಿದ್ರೆ ನಾನು ಯಾಕೆ ಸಾರ್ ಲಿಫ್ಟ್ ಹತ್ತಿ ಬರ್ಲಿ?"

ಸಾಹೇಬ್ರು ನಕ್ಕರು. "ಗಮನಿಸಲಾಗುತ್ತಿದೆ ಅಂತ ಹಾಕು. ಸುಳ್ಳಲ್ವಲ್ಲ? ಗಮನಿಸ್ತಾನೇ ಇದೀವಿ. ಶುರುವಾಗ್ಲಿ, ಹಿಂದಿಂದ ಸರಿ ಮಾಡ್ಕೊಂಡ್ರಾಯ್ತು. ಈಗ ಬಾಯಿ ಬಿಟ್ರೆ ದಿನ ಮುಂದಕ್ಕೆ ಹೋಗತ್ತೆ, ರಿಬ್ಬನ್ ಕತ್ತರಿಸೋರ ಮುಂದೆ ನಮ್ಮ ಮಾನ ಹೋಗತ್ತೆ." ಗಿಡದ ಒಣಗಿದ ಎಲೆ ಒಂದನ್ನ ಕಿತ್ತು ಜೇಬಿಗೆ ಹಾಕ್ಕೊಂಡ್ರು. "ಆ ಕುರ್ಚಿಗೆ ಬಟ್ಟೆ ಯಾವ ಬಣ್ಣದ್ದು ಹಾಕಿಸ್ಲಿ, ಯೋಚನೆ ಮಾಡು."

ಕೆಳಗೆ ಬಂದು "ಗಮನಿಸಲಾಗುತ್ತಿದೆ" ಅಂತ ಕುಟ್ಟಿದ. ಟಣ್ ಅನ್ಲಿಲ್ಲ. ಸಾಲು ಹಸಿರಾಯ್ತು. ಆ ಕ್ಷಣ ಅವನಿಗೆ ಬಿಸಿನೀರು ಸ್ನಾನ ಮಾಡಿದಷ್ಟು ಹಗುರ ಆಯ್ತು ನೋಡಿ! ಅದೇ ಅವನಿಗೆ ಆಮೇಲೆ ಹೆದರಿಕೆ ಹುಟ್ಟಿಸಿದ್ದು. ಏನೂ ಸರಿ ಹೋಗಿಲ್ಲ, ಒಂದು ಮೊಳೆ ಅಲ್ಲಾಡಿಲ್ಲ, ಆದ್ರೂ ಎದೆ ತಣ್ಣಗಾಗಿದೆ. ಇದೆಂಥಾ ಔಷಧಿ ಅಂತ.

ಸಂಜೆ ಆಯ್ತು. ಹೆಂಡತಿ ಫೋನು.

"ಎಲ್ಲಿದೀರಿ?"

"ಬಂದೆ ಬಂದೆ, ದಾರೀಲಿದೀನಿ," ಅಂದ. ಅಂದಿದ್ದು ಕುರ್ಚೀಲಿ ಕೂತು, ಒಂದು ಕಾಲಿನ ಚಪ್ಪಲಿ ಎಲ್ಲಿ ಹೋಯ್ತು ಅಂತ ಮೇಜಿನ ಕೆಳಗೆ ತಡಕಾಡ್ತಾ.

ಅವನು ಮನೆ ತಲುಪಿದಾಗ ಊಟದ ಮೇಜಿನ ಮೇಲೆ ತಟ್ಟೇನೂ ಇಲ್ಲ, ಒಲೇನೂ ಹಚ್ಚಿಲ್ಲ. ಹೆಂಡತಿ ಔಷಧಿ ಅಂಗಡಿ ನಡೆಸೋಳು, ಅಂಗಡಿ ಮುಚ್ಚಿ ಬಂದು ಕಾಲು ಚಾಚಿ ಕೂತಿದ್ಲು. ಅತ್ತೆ, ಅಂದ್ರೆ ಹೆಂಡತಿ ಅಮ್ಮ, ಸೋಫಾದಲ್ಲಿ ಆಗ ತಾನೇ ಕಣ್ಣು ಉಜ್ಜಿಕೊಳ್ತಾ ಏಳ್ತಿದ್ರು.

"ಬಂದ್ರಾ ಅಳಿಯಂದ್ರೇ? ದಾರೀಲಿದಾರೆ ಅಂದ್ಲು ಇವಳು. ಹಾಗಾದ್ರೆ ಒಂದು ನಿದ್ದೆಗೆ ಟೈಮಿದೆ ಅಂತ ಮಲಗಿದೆ. ಒಂದು ಕನಸೂ ಬಿತ್ತು."

"ಏನೇ ಇದು, ದಾರೀಲಿದೀನಿ ಅಂತ ಹೇಳಿದ್ರೂ ಊಟ ಬಿಸಿ ಮಾಡಿಲ್ವಾ?"

"ಅದಕ್ಕೇ ಮಾಡಿಲ್ಲ ರೀ," ಅಂದ್ಲು ಹೆಂಡತಿ ಅಲ್ಲಾಡದೆ. "ದಾರೀಲಿದೀನಿ ಅಂದ್ರೆ ಇನ್ನೂ ಕುರ್ಚೀಲಿದೀರ ಅಂತ. ಮನೆ ಹತ್ತಿರ ಬಂದೆ ಅಂದ್ರೆ ಲಿಫ್ಟಿಗೆ ಕಾಯ್ತಿದೀರ ಅಂತ. ಗೇಟ್ ಹತ್ರ ಇದೀನಿ ಅಂದ್ರೆ ಆಗ ಒಲೆ ಹಚ್ಚೋದು. ಮದುವೆ ಆದ ಹೊಸದ್ರಲ್ಲಿ ನಂಬಿ ನಂಬಿ ಎಷ್ಟು ಸಲ ಅಡುಗೆ ಆರಿಸಿದೀನಿ, ಕೇಳಿ ಅಮ್ಮನ್ನ."

ಅತ್ತೆ ತಲೆ ಆಡಿಸಿದ್ರು. ಆಗತ್ತಪ್ಪ ನಗ್ತಾ ಕೂತ. ಆ ನಗು ಅರ್ಧಕ್ಕೇ ನಿಂತು ಹೋಯ್ತು. ದಾರೀಲಿದೀನಿ ಅಂತ ಹೇಳ್ತಾ ಕುರ್ಚೀಲೇ ಕೂತಿದ್ದ ತಾನೂ, ಆ ಹಾಳು ಚುಕ್ಕೇನೂ ಒಂದೇ ಅಲ್ವಾ ಅಂತ ಅವನಿಗೆ ಅನ್ನಿಸ್ತು. ಅಲ್ಲ, ಚುಕ್ಕೇನೇ ವಾಸಿ. ಅದಕ್ಕೆ ಗೊತ್ತಿದ್ದ ಕೊನೇ ಜಾಗ ಅದು ಹೇಳತ್ತೆ, ಪಾಪ. ತಾನು ಗೊತ್ತಿದ್ದೂ ಬೇರೆ ಜಾಗ ಹೇಳೋನು. ಅಂದಿನ ಕಥೆ ಎಲ್ಲಾ ಹೆಂಡತಿಗೆ ಹೇಳಿದ. ಸುರಂಗ, ಡಬ್ಬಿ, ಟಣ್ ಅನ್ನೋ ಪಟ್ಟಿ, ಕುರ್ಚಿ, ಎಲ್ಲಾ.

ಅವಳು ಒಲೆ ಹಚ್ಚಿ ಬಂದು ಸೌಟು ಕೈಯಲ್ಲೇ ಹಿಡ್ಕೊಂಡು ನಿಂತ್ಲು. "ನನಗೆ ನೀವು ಗೊತ್ತು. ನಿಮ್ಮ ಮಾತಲ್ಲಿ ಎಷ್ಟು ಕಳೀಬೇಕು, ಎಷ್ಟು ಕೂಡ್ಬೇಕು, ಎಲ್ಲಾ ಕಲ್ತಿದೀನಿ. ಕಂಟ್ರೋಲ್ ರೂಮಲ್ಲಿ ಕೂತೋಳಿಗೆ ನೀವು ಏನು ಗೊತ್ತು? ನೀವು ಹಸಿರು ಅಂದ್ರೆ ಅವಳು ಹಸಿರು ಅಂತಾನೇ ನಂಬ್ತಾಳೆ. ಅಂಗಡೀಲಿ ನಾನು ಮಾತ್ರೆ ಕೊಟ್ರೆ ಜನ ಕಣ್ಣುಮುಚ್ಚಿ ನುಂಗ್ತಾರೆ ರೀ. ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಕೊಡಕ್ಕಾಗತ್ತಾ?"

"ಹೇಳಿದ್ರೆ ಕುರ್ಚಿ ಹೋಗತ್ತೆ ಕಣೇ."

"ಹೋಗ್ಲಿ ಅಂತ ನಾನು ಹೇಳಲ್ಲ," ಅಂದ್ಲು. "ನನಗೂ ಆಸೆ ಇದೆ. ಆದ್ರೆ ಆ ಕುರ್ಚೀಲಿ ಕೂತು ಪೇಟೆ ಸರ್ಕಲ್ ಕಡೆಯಿಂದ ಸೈರನ್ ಕೇಳಿದಾಗೆಲ್ಲಾ ನೀವು ಹೇಗೆ ಕೂರ್ತೀರ, ಅದು ನೀವೇ ನೋಡ್ಕೊಳ್ಳಿ." ಅಷ್ಟು ಹೇಳಿ ಒಳಗೆ ಹೋದ್ಲು. ಏನೋ ಸೀದ ವಾಸನೆ ಬರ್ತಿತ್ತು.

ಎರಡು ದಿನ ಅವನು ಬಾಯಿಗೆ ಬೀಗ ಹಾಕ್ಕೊಂಡು ಓಡಾಡಿದ. ಡಬ್ಬಿ ಕಂಪನಿಗೆ ಫೋನ್ ಮೇಲೆ ಫೋನ್. ಅವರೂ ಅವನಂಥೋರೇ, "ಆಗತ್ತೆ ಸಾರ್, ನೋಡ್ತಿದೀವಿ ಸಾರ್" ಅಂತಿದ್ರು. ಜೀವನದಲ್ಲಿ ಮೊದಲ ಸಲ ಆ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿ ಅವನಿಗೆ ಮೈ ಉರೀತು.

ಆಮೇಲೆ ಕೊನೇ ಮೀಟಿಂಗು. ಕಂಟ್ರೋಲ್ ರೂಮಲ್ಲೇ. ಅಲ್ಲಿ ಒಪ್ಪಿಗೆ ಆಗಿಬಿಟ್ರೆ ಮುಗೀತು. ಒಂದು ಕಡೆ ಹೆಡ್‌ಫೋನ್ ಹಾಕ್ಕೊಂಡೋರು ಫೋನ್ ತಗೋತಿದಾರೆ, "ಉಸಿರಾಡ್ತಿದಾರಾ ಅಮ್ಮ? ಬಾಗಿಲು ತೆಗೆದಿಡಿ" ಅಂತಿದಾರೆ. ಇನ್ನೊಂದು ಕಡೆ ಬಣ್ಣದವರು ಆಗಲೇ ಏಣಿ ಹಾಕಿ ಬೋರ್ಡಿನ ಮೇಲಿನ ಸ್ಕ್ರೂ ಬಿಚ್ತಿದಾರೆ. ಮಧ್ಯದಲ್ಲಿ ಆ ರೂಮಿನ ಯಜಮಾನಿ, ಮೇಡಂ. ಬಿಳಿ ಕೂದಲು, ಕುತ್ತಿಗೆಗೆ ಕನ್ನಡಕ ನೇತು ಹಾಕ್ಕೊಂಡಿರೋರು. ಅವರ ಧ್ವನಿ ಎಂಥದ್ದು ಅಂದ್ರೆ, ವೈರ್‌ಲೆಸ್ ಕೆಟ್ಟ ದಿನ ಕಿಟಕಿ ತೆಗೆದು ಕೂಗಿದ್ರೂ ಗಾಡಿ ಬರ್ತಿತ್ತು.

ಸಾಹೇಬ್ರು ಪರದೆ ತೋರಿಸಿ ಎಲ್ಲಾ ಚೆನ್ನಾಗಿ ವಿವರಿಸಿದ್ರು. ಚುಕ್ಕೆಗಳು ಮಿಣಮಿಣ ಅಂತಿದ್ವು. ಮೇಡಂ ಕನ್ನಡಕ ಏರಿಸಿ, ಒಂದು ಹಸಿರು ಚುಕ್ಕೆ ಮೇಲೆ ಬೆರಳಿಟ್ರು.

"ಇದು ಇಲ್ಲಿದೆ ಅಂದ್ರೆ ಗಾಡಿ ಇಲ್ಲೇ ಇದೆ ತಾನೇ?"

ಸಾಹೇಬ್ರು ಆಗತ್ತಪ್ಪನ ಕಡೆ ತಿರುಗಿ, "ಹೇಳಪ್ಪ" ಅಂದ್ರು. ಹುಳುಕಮ್ಮ ಗೋಡೆಗೆ ಒರಗಿ ತನ್ನ ಉಗುರು ನೋಡ್ಕೊಂಡು ನಿಂತಿದ್ಲು.

"ಹೌದು" ಅನ್ನೋ ಮಾತು ನಾಲಿಗೆ ತುದಿಗೆ ಬಂದು ಕೂತಿತ್ತು. ನುಂಗಿದ.

"ಇರಬಹುದು ಮೇಡಂ," ಅಂದ.

"ಇರಬಹುದು ಅಂದ್ರೆ?"

"ಇಲ್ಲದೇನೂ ಇರಬಹುದು. ಸುರಂಗದೊಳಗೆ ಹೋದ ಗಾಡಿ ಕೆಲವು ಸಲ ಹೊರಗೇ ನಿಂತ ಹಾಗೆ ಕಾಣತ್ತೆ. ಎಷ್ಟು ಹೊತ್ತು ಹಾಗಿರತ್ತೆ, ಹೇಳಕ್ಕಾಗಲ್ಲ. ಯಾಕೆ ಅಂತ ನಮಗೆ ಗೊತ್ತಿಲ್ಲ. ಯಾವಾಗ ಸರಿ ಹೋಗತ್ತೆ ಅಂತಾನೂ ಗೊತ್ತಿಲ್ಲ."

ಸಾಹೇಬ್ರ ಮುಖ ಹುಳ್ಳಗಾಯ್ತು. "ಅಂದ್ರೆ, ಮೇಡಂ, ಅದನ್ನ ಗಮನಿಸಲಾಗ್ತಿದೆ..."

"ಯಾರು ಗಮನಿಸ್ತಿರೋದು? ನೀವು ಗಮನಿಸೋ ಹೊತ್ತಿಗೆ ಇಲ್ಲಿ ಫೋನ್ ಬಂದಿರತ್ತೆ." ಮೇಡಂ ಅವನ ಕಡೆ ತಿರುಗಿದ್ರು. ಭೇಷ್ ಅಂತಾರೇನೋ, ನಿಜ ಹೇಳಿದ್ಯಪ್ಪ ಅಂತಾರೇನೋ ಅಂತ ಅವನಿಗೆ ಮನಸ್ಸಿನ ಮೂಲೇಲಿ ಸ್ವಲ್ಪ ಇತ್ತು. ಅವರು ಕೇಳಿದ್ದೇ ಬೇರೆ. "ಇದು ಯಾವತ್ತಿಂದ ಗೊತ್ತು ನಿಮಗೆ?"

"ಮೊನ್ನೆಯಿಂದ."

"ಮೊನ್ನೆಯಿಂದ ಗೊತ್ತಿದ್ದು, ನನ್ನ ಬೋರ್ಡು ಬಿಚ್ಚೋವರೆಗೂ ಸುಮ್ಮನಿದ್ರಿ?"

"ಹೌದು," ಅಂದ. ಇದನ್ನ ಹೇಳೋದು ಮೊದಲಿನದಕ್ಕಿಂತ ಕಷ್ಟ ಆಯ್ತು.

ಸಾಹೇಬ್ರು ಅವನ ಕಿವಿ ಹತ್ತಿರ ಬಗ್ಗಿ, ನಗು ಹಾಗೇ ಇಟ್ಕೊಂಡು, "ಕುರ್ಚಿ ಮರೆತುಬಿಡು" ಅಂದು, ಯಾರದೋ ಫೋನ್ ಬಂದಿದೆ ಅಂತ ಆಚೆ ಹೋದ್ರು. ಫೋನ್ ಬಂದಿರ್ಲಿಲ್ಲ.

ಮೇಡಂ ಮೇಲೆ ನೋಡಿ ಕೂಗಿದ್ರು. "ಏಯ್, ನಿಲ್ಲಿಸ್ರಪ್ಪ! ಬಿಚ್ಚಿದ್ದನ್ನ ವಾಪಸ್ ತಿರುಗಿಸಿ. ಇವತ್ತಿಲ್ಲ ಬಣ್ಣ."

ಬಣ್ಣದವನು ಏಣಿ ಮೇಲೇ ತಿರುಗಿದ. ಮೂಗಿನ ಮೇಲೆಲ್ಲಾ ಹಳೇ ಸುಣ್ಣ. "ಇದೇನಮ್ಮ, ಡಬ್ಬ ಮುಚ್ಚಳ ತೆಗೆದಿದೀನಿ. ಮತ್ತೆ ಯಾವತ್ತು ಬರ್ಲಿ?"

ಮೇಡಂ ಆಗತ್ತಪ್ಪನ್ನ ನೋಡಿದ್ರು. ಹುಳುಕಮ್ಮ ನೋಡಿದ್ಲು. ಹೆಡ್‌ಫೋನ್ ಹಾಕ್ಕೊಂಡೋರಲ್ಲಿ ಇಬ್ಬರು ಮೂವರು ಅದನ್ನ ಒಂದು ಕಿವಿಯಿಂದ ಸರಿಸಿ ನೋಡಿದ್ರು. ಒಂದು ದಿನ ಹೇಳೋದು ಎಷ್ಟೊತ್ತಿನ ಕೆಲಸ! ಆಗತ್ತಪ್ಪನ ಹತ್ತಿರ ದಿನಗಳು ಜೇಬಲ್ಲಿ ಚಿಲ್ಲರೆ ಇದ್ದ ಹಾಗೆ ಇರ್ತಿದ್ವು.

"ಗೊತ್ತಿಲ್ಲಣ್ಣ," ಅಂದ. "ಗೊತ್ತಾದ ದಿನ ನಾನೇ ಫೋನ್ ಮಾಡ್ತೀನಿ."

ಬಣ್ಣದವನು ಸ್ಕ್ರೂ ವಾಪಸ್ ತಿರುಗಿಸಿ ಕೆಳಗಿಳಿದು, ಮುಚ್ಚಳ ಬಡಿದು ಹಾಕ್ತಾ, "ಇದೊಂಥರಾ ವಾಸಿ ಬಿಡಿ. ನಾವಾದ್ರೆ ನಾಳೆ ಬರ್ತೀವಿ ಅಂತೀವಿ, ಆ ಮನೆಯವರು ಸಾಮಾನೆಲ್ಲಾ ಬೀದಿಗೆ ಹಾಕ್ಕೊಂಡು ಕಾಯ್ತಾ ಕೂತಿರ್ತಾರೆ" ಅಂತ ಕಿಸಕ್ಕಂತ ನಕ್ಕು ಏಣಿ ಮಡಚಿದ.

ಮೇಡಂ ನಗ್ಲಿಲ್ಲ. ಒಬ್ಬ ಹುಡುಗಿಗೆ "ವೈರ್‌ಲೆಸ್ಸಿಗೆ ರಜಾ ಇಲ್ಲಮ್ಮ, ಪರದೇನೂ ಇರ್ಲಿ, ಬಿಲ್ಲೇನೂ ಇರ್ಲಿ, ಕಳಿಸೋ ಮುಂಚೆ ಪ್ರತಿ ಡ್ರೈವರನ್ನೂ ಬಾಯಲ್ಲಿ ಕೇಳಿ" ಅಂತ ಹೇಳಿ, ಕಾಲಲ್ಲಿ ಒಂದು ಕುರ್ಚಿ ಆಗತ್ತಪ್ಪನ ಕಡೆ ತಳ್ಳಿದ್ರು. ಚಕ್ರ ಒಂದು ಮುರಿದಿದ್ದ, ಬಟ್ಟೆ ಹರಿದಿದ್ದ ಕುರ್ಚಿ.

"ಕೂತ್ಕೊಳ್ಳಿ. ಏನೇನು ಆಗತ್ತೆ ಅಂತ ನಿಮ್ಮ ಸಾಹೇಬ್ರು ಹೇಳಿ ಆಯ್ತು. ಇನ್ನೂ ಏನೇನು ನಿಮಗೆ ಗೊತ್ತಿಲ್ಲ, ಅದನ್ನ ಹೇಳಿ. ಒಂದೂ ಬಿಡ್ಬೇಡಿ."

ಆಗತ್ತಪ್ಪ ಹುಳುಕಮ್ಮನ ಕಡೆ ನೋಡಿದ. ಅವಳು ಅಷ್ಟು ಹೊತ್ತಿಗೆ ತಾನೇ ಒಂದು ಸ್ಟೂಲ್ ಎಳ್ಕೊಂಡು ಬಂದು ಪಕ್ಕದಲ್ಲಿ ಕೂತಾಗಿತ್ತು. ಅವನು ಗಂಟಲು ಸರಿ ಮಾಡ್ಕೊಂಡು ಶುರು ಮಾಡಿದ. ಮೊದಮೊದಲು ತಡವರಿಸ್ತಿದ್ದ. ಆಮೇಲೆ ನೋಡಿ, ಕಟ್ಟೆ ಒಡೆದ ಕೆರೆ ಹಾಗೆ. ಮಳೇಲಿ ಡಬ್ಬಿ ಏನಾಗತ್ತೆ ಗೊತ್ತಿಲ್ಲ, ಒಂದೇ ಸಲ ನೂರು ಫೋನ್ ಬಂದ್ರೆ ಗೊತ್ತಿಲ್ಲ, ಡ್ರೈವರು ಡಬ್ಬಿ ಮೇಲೆ ಟೋಪಿ ಇಟ್ರೆ ಗೊತ್ತಿಲ್ಲ. ಮೇಡಂ ಕೆಲವಕ್ಕೆ "ಅದು ಪರವಾಗಿಲ್ಲ, ನಾವು ನೋಡ್ಕೋತೀವಿ" ಅಂದ್ರು. ಕೆಲವಕ್ಕೆ "ಅಯ್ಯೋ ದೇವ್ರೇ" ಅಂತ ಹಣೆ ಹಿಡ್ಕೊಂಡ್ರು. ಟೋಪಿದು ಕೇಳಿ ಮಾತ್ರ ತಡೆಯಕ್ಕಾಗದೆ ನಕ್ಕುಬಿಟ್ರು, ಯಾಕಂದ್ರೆ ಟೋಪಿ ಎಲ್ಲಂದ್ರಲ್ಲಿ ಇಡೋ ಆ ಡ್ರೈವರು ಯಾರು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.